ಹಳೆಯ ಕಟ್ಟಡಕ್ಕೆ ಹೊಸ ತಂಪು: ಸೆಕೆ ಎಲ್ಲಿಗೆ ಹೋಗುತ್ತದೆ?

ಹವಾನಿಯಂತ್ರಣ ಯಂತ್ರವನ್ನು ಕೊಳ್ಳಲು ಹೋದವರನ್ನು ಅಂಗಡಿಯವನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಟನ್ನು?’ ಎಂಬುದು. ಇಬ್ಬರು ಆಳುಗಳು ಎತ್ತಿ ಗೋಡೆಗೆ ತಗುಲಿಸುವ ಪೆಟ್ಟಿಗೆಯು ಒಂದೂವರೆ ಟನ್ನು ತೂಗುವುದೆಂತು ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಸೋಜಿಗಪಟ್ಟಿರಬಹುದು. ಅದು ಯಂತ್ರದ ತೂಕವಲ್ಲ, ಮಂಜುಗಡ್ಡೆಯ ತೂಕ. ಅಮೆರಿಕದ ಅಳತೆಯ ಒಂದು ಟನ್ನು, ಎಂದರೆ 2,000 ಪೌಂಡು ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ, ಅಷ್ಟು ಶಾಖವನ್ನು ಅದೇ ಅವಧಿಯಲ್ಲಿ ಕೋಣೆಯಿಂದ ಹೊರಕ್ಕೆ ಸಾಗಿಸಬಲ್ಲ ಯಂತ್ರಕ್ಕೆ ಒಂದು ಟನ್ನಿನ ಯಂತ್ರವೆಂದು ಹೆಸರು. ‘ಹೊರಕ್ಕೆ ಸಾಗಿಸುವ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಯಂತ್ರವು ಸೆಕೆಯನ್ನು ನಾಶಮಾಡುವುದಿಲ್ಲ. ಇಲ್ಲಿಂದ ತೆಗೆದು ಅಲ್ಲಿಗೆ ಹಾಕುತ್ತದೆ.

ಚೆನ್ನೈಯಲ್ಲಿ ಈ ಮಂಜುಗಡ್ಡೆಯ ಲೆಕ್ಕಕ್ಕೆ ಸಾಕ್ಷಿಯಾಗಿ ನಿಂತಿರುವ ಕಟ್ಟಡವೇ ಒಂದುಂಟು. ತಿರುವಲ್ಲಿಕ್ಕೇಣಿಯ ಕಡಲ ದಂಡೆಯ ಎದುರಿಗೆ, ದುಂಡು ಮುಖದ ವಿವೇಕಾನಂದರ ಇಲ್ಲಂ ಎಂಬುದನ್ನು ನೋಡದವರಾರು? ಜನರ ಬಾಯಲ್ಲಿ ಅದು ಇಂದಿಗೂ ‘ಐಸ್ ಹೌಸ್’. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಚಳಿಗಾಲದಲ್ಲಿ ಅಲ್ಲಿಯ ಕೆರೆಗಳ ಮೇಲೆ ಹೆಪ್ಪುಗಟ್ಟಿದ ನೀರನ್ನು ಗರಗಸದಿಂದ ಕೊಯ್ಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ಹಿಂದೂಸ್ಥಾನಕ್ಕೆ ಕಳುಹುತ್ತಿದ್ದನು. 1833ರಲ್ಲಿ ಕಲ್ಕತ್ತೆಗೆ ಹೊರಟ ಮೊದಲ ಹಡಗಿನಲ್ಲಿ 180 ಟನ್ನು ಇತ್ತು. ನಾಲ್ಕು ತಿಂಗಳ ಪ್ರಯಾಣದ ಬಳಿಕ ದಡ ಸೇರಿದ್ದು ಸುಮಾರು 100 ಟನ್ನು. ಮದರಾಸಿನ ಕಣಜವು 1842ರ ಸುಮಾರಿಗೆ ಕಟ್ಟಲ್ಪಟ್ಟಿತು. ಹಡಗಿನಿಂದ ಇಳಿದ ಗಡ್ಡೆಯು ಕರಗದಂತೆ ಕಾಪಾಡುವುದೇ ಅದರ ಉದ್ದೇಶ. ಯಂತ್ರದಿಂದ ಮಂಜುಗಡ್ಡೆಯನ್ನು ಇಲ್ಲಿಯೇ ತಯಾರಿಸುವ ಉಪಾಯ ಬಂದ ಮೇಲೆ ಟ್ಯೂಡರನ ವ್ಯಾಪಾರವು ನಿಂತಿತು.

ಆಮೇಲೆ ಆ ಕಟ್ಟಡವನ್ನು ವಕೀಲ ಬಿಳಿಗಿರಿ ಅಯ್ಯಂಗಾರರು ಕೊಂಡು ವಾಸದ ಮನೆ ಮಾಡಿದರು. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದುದು ಅವರ ಅತಿಥಿಯಾಗಿ. ಮಂಜುಗಡ್ಡೆಗೆ ಗಾಳಿಯು ಶತ್ರು, ಮನುಷ್ಯನಿಗೆ ಅದೇ ಪ್ರಾಣ. ಆದಕಾರಣ ಅಯ್ಯಂಗಾರರು ಅದಕ್ಕೆ ಕಿಟಕಿಗಳನ್ನೂ ಸುತ್ತುಜಗಲಿಯನ್ನೂ ಮಾಡಿಸಬೇಕಾಯಿತು. ಈಗ ನಾವು ಮಾಡುತ್ತಿರುವುದು ಇದಕ್ಕೆ ಸರಿಯಾಗಿ ವಿರುದ್ಧವಾದ ಕೆಲಸ. ಗಾಳಿಗಾಗಿ ಕಟ್ಟಿದ ಕಟ್ಟಡಗಳ ಕಿಟಕಿ ಮುಚ್ಚಿ, ಅವನ್ನು ಐಸ್ ಹೌಸುಗಳನ್ನಾಗಿ ಮಾಡುತ್ತಿದ್ದೇವೆ.

ಮದರಾಸಿನ ಹಳೆಯ ಬಂಗಲೆಯ ರಚನೆಯನ್ನು ಸ್ವಲ್ಪ ಗಮನಿಸೋಣ. ದಪ್ಪನೆಯ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಹದಿನೈದು ಇಪ್ಪತ್ತು ಅಡಿ ಎತ್ತರದ ಮಾಳಿಗೆ, ಬಿಸಿಲು ಗೋಡೆಗೆ ನೇರವಾಗಿ ತಾಗದಂತೆ ಸುತ್ತ ಪಡಸಾಲೆ, ಬಿಸಿಗಾಳಿ ಮೇಲಿನಿಂದ ಹೋಗಲು ಗವಾಕ್ಷ. ಸಾಲಾಗಿ ಇಟ್ಟ ತೇಗದ ತೊಲೆಗಳ ಮೇಲೆ ಸಣ್ಣ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಗಾರೆಯಿಂದ ಬಿಗಿದು, ಇಟ್ಟಿಗೆ ಜಲ್ಲಿ ಮತ್ತು ಸುಣ್ಣವನ್ನು ಬಡಿದು ಕೂರಿಸಿ, ಮೇಲೆ ಚಪ್ಪಟೆ ಹೆಂಚು ಹಾಸಿದ ಛಾವಣಿಗೆ ‘ಮದ್ರಾಸ್ ಟೆರೇಸ್’ ಎಂಬ ಹೆಸರೇ ನಿಂತುಬಿಟ್ಟಿದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದು, ಪಂಕಾ ಎಳೆಯುವುದು ಇವೆಲ್ಲ ಮೇಲಿನ ಉಪಚಾರಗಳು. (ಆ ಪಂಕಾ ಎಳೆಯುವವನು ಮಾತ್ರ ಹೊರಗೆ ಸೆಕೆಯಲ್ಲೇ ಕುಳಿತಿರುತ್ತಿದ್ದನು, ಈ ಮಾತಿಗೆ ಮುಂದೆ ಬರುತ್ತೇನೆ.) ಇನ್ನು ಕೋಣೆಯನ್ನು ಕಾಯಿಸುವ ಯಂತ್ರದ ವಿಚಾರವನ್ನು ಉದಕಮಂಡಲದವರಿಗೆ ಬಿಡೋಣ.

ಇಂಥ ಕಟ್ಟಡಕ್ಕೆ ಯಂತ್ರವನ್ನು ಜೋಡಿಸಿದರೆ ಆಗುವುದೇನು? ತಣ್ಣನೆಯ ಸೋಡಾ ತುಂಬಿದ ಲೋಟದ ಹೊರಮೈಯಲ್ಲಿ ನೀರ ಹನಿ ಕೂರುವುದನ್ನು ನಮ್ಮ ಸಪ್ಲೈಯರುಗಳು ದಿನವೂ ಒರಸುತ್ತಾರೆ. ಆ ನೀರು ಲೋಟದಿಂದ ಸೋರಿದ್ದಲ್ಲ, ಗಾಳಿಯಿಂದ ಇಳಿದದ್ದು. 32 ಡಿಗ್ರಿ ಸೆಕೆಯಲ್ಲಿ ನೂರಕ್ಕೆ 75ರ ತೇವಾಂಶವುಳ್ಳ ಕಡಲ ಗಾಳಿಯು ಸುಮಾರು 27 ಡಿಗ್ರಿಗೆ ತಣಿದ ಕೂಡಲೇ ನೀರು ಬಿಡತೊಡಗುತ್ತದೆ. ಕೋಣೆಯನ್ನು 20 ಡಿಗ್ರಿಗೆ ಇಳಿಸಿದರೆ ಗೋಡೆಯೇ ಲೋಟವಾಗುತ್ತದೆ. ಸುಣ್ಣದ ಗೋಡೆ ಉಸಿರಾಡುವ ಗೋಡೆ. ತೇವವನ್ನು ಹೀರಿ ಒಣಗಿದಾಗ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟನ್ನೂ ಪ್ಲಾಸ್ಟಿಕ್ ಬಣ್ಣವನ್ನೂ ಬಳಿದರೆ ಒಳಗಿನ ನೀರಿಗೆ ದಾರಿಯಿಲ್ಲ. ಗಾರೆ ಉದುರುತ್ತದೆ, ಉಪ್ಪು ಹೂವಿನಂತೆ ಏಳುತ್ತದೆ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ತಂಪು ಉಳಿಯಲೆಂದು ಕೆಳಗೆ ಸುಳ್ಳು ಮಾಳಿಗೆಯನ್ನು ಕಟ್ಟಿಸಿದ ಮನೆಯಲ್ಲಿ ಆ ತೊಲೆಯು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಷ್ಟಕ್ಕೂ ಈ ಯಂತ್ರ ಹುಟ್ಟಿದ್ದೇ ತೇವವನ್ನು ಹಿಡಿತಕ್ಕೆ ತರಲು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಕಾಗದವು ತೇವಕ್ಕೆ ಹಿಗ್ಗಿ ಕುಗ್ಗಿ ಬಣ್ಣದ ಮುದ್ರಣ ಕೆಡುತ್ತಿತ್ತು. ಅದಕ್ಕೆ ವಿಲ್ಲಿಸ್ ಕ್ಯಾರಿಯರ್ ಎಂಬ ಇಂಜಿನಿಯರನು ಕಂಡುಹಿಡಿದ ಪರಿಹಾರವೇ ಇಂದಿನ ಏ.ಸಿ.ಯ ಮೂಲ. ಪತ್ರಿಕೆ ನಡೆಸುವ ನನಗೆ ಈ ಸಂಗತಿ ಬಹಳ ಹಿಡಿಸಿತು. ಹಳೆಯ ಕಟ್ಟಡದಲ್ಲಿಯೂ ಯಂತ್ರದಿಂದ ಕೇಳಬೇಕಾದದ್ದು ಮುಖ್ಯವಾಗಿ ಇದನ್ನೇ: ಚಳಿಯನ್ನಲ್ಲ, ತೇವ ತೆಗೆಯುವುದನ್ನು. 26 ಡಿಗ್ರಿಗೆ ಇಟ್ಟು ಮೇಲೆ ಫ್ಯಾನು ತಿರುಗಿಸಿದರೆ ಊಟಕ್ಕೆ ಕುಳಿತವನಿಗೆ ಹಿತವೇ ಆಗುತ್ತದೆ. ಸರಕಾರವೂ 2020ರ ಜನವರಿಯಿಂದ ಹೊಸ ಯಂತ್ರಗಳು 24 ಡಿಗ್ರಿಯಲ್ಲಿ ಆರಂಭವಾಗಬೇಕೆಂದು ವಿಧಿಸಿದೆ. ಕೊಳವೆಗಳನ್ನು ಹಳೆಯ ಗವಾಕ್ಷದ ಮೂಲಕ ಒಯ್ಯಬೇಕೇ ಹೊರತು ಕಮಾನನ್ನು ಕೊರೆಯಲಾಗದು. ಮೊಳೆಯು ಇಟ್ಟಿಗೆಗೆ ಬೀಳದೆ ಗಾರೆಯ ಸಂದಿಗೆ ಬೀಳಬೇಕು. ಯಂತ್ರದಿಂದ ತೊಟ್ಟಿಕ್ಕುವ ನೀರು ತಳಪಾಯದ ಬುಡಕ್ಕೆ ಹರಿಯಬಾರದು.

ಈಗ ನಮ್ಮವರ ವಿಷಯಕ್ಕೆ ಬರೋಣ. ಹಳೆಯ ಬಂಗಲೆಗಳಿಗೂ ಉಡುಪಿ ಹೋಟೆಲುಗಳಿಗೂ ಇಲ್ಲಿ ನಂಟು ಬಹುಕಾಲದ್ದು. ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸನ್ನು ಆರಂಭಿಸಿದ್ದು ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯನ್ನು ಗುತ್ತಿಗೆಗೆ ಹಿಡಿದು. ಬಂಗಲೆಯ ಮುಂದಿನ ಹಜಾರ ಊಟಕ್ಕೆ, ಹಿಂದಿನ ಅಂಗಳ ಅಡಿಗೆಗೆ ಎಂಬ ಏರ್ಪಾಡು ಹೋಟೆಲುಗಳಲ್ಲಿ ಸಾಮಾನ್ಯ. ಹಜಾರಕ್ಕೆ ಏ.ಸಿ. ಬಂದಾಗ ಅದರ ಹೊರಗಿನ ಪೆಟ್ಟಿಗೆಯು ಗಿರಾಕಿಯ ಕಣ್ಣಿಗೆ ಬೀಳಬಾರದೆಂದು ಹಿಂದಿನ ಅಂಗಳಕ್ಕೆ ಹೋಗುತ್ತದೆ. ಒಂದೂವರೆ ಟನ್ನಿನ ಯಂತ್ರವು ಕೋಣೆಯಿಂದ ಹೀರಿದ ಶಾಖದ ಜೊತೆಗೆ ತಾನು ಉಂಡ ವಿದ್ಯುತ್ತಿನ ಶಾಖವನ್ನೂ ಸೇರಿಸಿ ಉಗುಳುವುದು. ಒಟ್ಟು 1,000 ವ್ಯಾಟಿನ ಆರೇಳು ವಿದ್ಯುತ್ ಒಲೆಗಳಿಗೆ ಸಮ. ಅಂಥವು ನಾಲ್ಕಿದ್ದರೆ, ಕಾವಲಿಯ ಮುಂದೆ ನಿಂತ ದೋಸೆ ಭಟ್ಟರ ಬೆನ್ನಿಗೆ ಇಪ್ಪತ್ತೈದಕ್ಕೂ ಮಿಕ್ಕಿ ಒಲೆಗಳನ್ನು ಹೊತ್ತಿಸಿಟ್ಟಂತೆ. ಪಂಕಾ ಎಳೆಯುವವನ ಮಾತನ್ನು ಹೇಳಿದ್ದು ಇದಕ್ಕೆ.

ಈ ಮೇಜಿಗೆ ಬರುವ ಮುನ್ನ ಗಲ್ಲಾದ ಮುಂದೆ ಕುಳಿತಿದ್ದವನಾದ್ದರಿಂದ ಮಾಲೀಕರ ಕಷ್ಟವೂ ನನಗೆ ಗೊತ್ತು. ಗಿರಾಕಿಗೆ ತಂಪು ಬೇಕು. ಕೊಡದಿದ್ದರೆ ಪಕ್ಕದ ಬಾಗಿಲಿಗೆ ಹೋಗುತ್ತಾನೆ. ಆದರೆ ಇಕ್ಕಟ್ಟಾದ ಅಂಗಳದಲ್ಲಿಟ್ಟ ಪೆಟ್ಟಿಗೆಯು ತಾನುಗುಳಿದ ಬಿಸಿಗಾಳಿಯನ್ನೇ ಮತ್ತೆ ಸೇದುವುದರಿಂದ ಹಜಾರವೂ ಸರಿಯಾಗಿ ತಣಿಯದು, ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ. ಇನ್ನೊಂದು ತೊಡಕೂ ಉಂಟು. ಅಡಿಗೆಮನೆಯ ಹೊಗೆಫ್ಯಾನಿಗೆ ಹೊರಗಿನ ಗಾಳಿ ಬರುವ ದಾರಿಯಿಲ್ಲದಿದ್ದರೆ ಅದು ಹಜಾರದ ತಂಪು ಗಾಳಿಯನ್ನೇ ಎಳೆದು ಬೀದಿಗೆ ಎಸೆಯುತ್ತದೆ. ಅಡಿಗೆಮನೆಗೆ ಬೇರೆ ಗಾಳಿಯ ಬಾಗಿಲು ಕೊಟ್ಟರೆ ಭಟ್ಟರಿಗೂ ಲಾಭ, ಗಲ್ಲಾಕ್ಕೂ ಲಾಭ. ಹೊರಗಿನ ಪೆಟ್ಟಿಗೆಗಳು ತೆರೆದ ಜಾಗದಲ್ಲಿ, ಅಡಿಗೆಮನೆಯ ಕಿಟಕಿಯಿಂದ ದೂರ, ಛಾವಣಿಯ ಮೇಲಾದರೆ ನಡುವಿನ ತೊಲೆಗಳಿಗೆ ಭಾರ ಬೀಳದಂತೆ ಗೋಡೆಯ ನೆತ್ತಿಯ ಮೇಲೆ ಕೂರಬೇಕು. ಮಧ್ಯಾಹ್ನ ಕಡಲ ಗಾಳಿಯು ಯಾವ ಕಿಟಕಿಯಿಂದ ಒಳಗೆ ಬರುತ್ತದೆ ಎಂಬುದು ನಕ್ಷೆ ಬರೆಯುವ ಇಂಜಿನಿಯರಿಗಿಂತ ಅಲ್ಲಿ ಇಪ್ಪತ್ತು ವರ್ಷ ನಿಂತ ಅಡಿಗೆಯವರಿಗೆ ಚೆನ್ನಾಗಿ ಗೊತ್ತು. ಗೋಡೆ ಕೊರೆಯಲು ಮೆಸ್ತ್ರಿ ಬರುವ ಹಿಂದಿನ ದಿನ ಅವರನ್ನೊಮ್ಮೆ ಕೇಳಲಿ.