ಮುಚ್ಚಿದ ಭಟ್ಟಿಗಳ ವಿಸ್ಕಿ ಹರಾಜಿಗೆ ಬಂದ ಬಗೆ

ಸ್ಕಾಟ್ಲೆಂಡಿನ ಹಳೆಯ ವಿಸ್ಕಿ ಬಾಟಲಿಗಳಿಗಾಗಿ ಇಂದು ಅಂತರ್ಜಾಲದಲ್ಲಿ ನಡೆಯುವ ಹರಾಜಿನ ಮೂಲವನ್ನು ಹುಡುಕುತ್ತ ಹೋದರೆ, 1980ರ ದಶಕದಲ್ಲಿ ಕೊಳ್ಳುವವರಿಲ್ಲದೆ ಗೋದಾಮುಗಳಲ್ಲಿ ಉಳಿದ ಪೀಪಾಯಿಗಳ ಬಳಿಗೆ ಬಂದು ನಿಲ್ಲಬೇಕಾಗುತ್ತದೆ. ಬೇಡಿಕೆ ಏರುತ್ತಲೇ ಇರುತ್ತದೆಂಬ ನಂಬಿಕೆಯಲ್ಲಿ 1960 ಮತ್ತು 70ರ ದಶಕಗಳಲ್ಲಿ ಭಟ್ಟಿಗಳು ಹಗಲಿರುಳು ಉರಿದವು; ಆದರೆ ತೈಲ ಬಿಕ್ಕಟ್ಟು, ಆರ್ಥಿಕ ಹಿಂಜರಿತ ಮತ್ತು ಬದಲಾದ ಅಭಿರುಚಿಗಳಿಂದಾಗಿ ಮಾರಾಟ ಕುಸಿದಾಗ, ಅಂದಿನ ಅತಿ ದೊಡ್ಡ ಸಂಸ್ಥೆಯಾಗಿದ್ದ ಡಿಸ್ಟಿಲರ್ಸ್ ಕಂಪನಿ ಲಿಮಿಟೆಡ್ 1983ರ ಒಂದೇ ವರ್ಷದಲ್ಲಿ 11 ಭಟ್ಟಿಗಳನ್ನು ಮುಚ್ಚಿತು. ಐಲಾ ದ್ವೀಪದ ಪೋರ್ಟ್ ಎಲೆನ್, ಈಶಾನ್ಯ ಕರಾವಳಿಯ ಬ್ರೋರಾ, ಲಿನ್‌ಲಿತ್‌ಗೋ ಊರಿನ ಸೇಂಟ್ ಮ್ಯಾಗ್ಡಲೀನ್ ಅವುಗಳಲ್ಲಿ ಕೆಲವು. ಮುಚ್ಚಿದ ದಿನ ಈ ಹೆಸರುಗಳು ಸಾಮಾನ್ಯ ಕುಡುಕರಿಗೆ ಗೊತ್ತಿರಲೇ ಇಲ್ಲ ಎನ್ನಬೇಕು. ಕಾರಣ, ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಭಟ್ಟಿಯಲ್ಲಿ ಇಳಿಸಿದ ಸಿಂಗಲ್ ಮಾಲ್ಟ್ ಎಂಬ ವಿಸ್ಕಿ ಆಗ ಬಾಟಲಿಯಾಗಿ ಮಾರುಕಟ್ಟೆಗೆ ಬರುತ್ತಿದ್ದುದು ಅಪರೂಪ. ಅದರ ಬಹುಪಾಲು, ಇತರ ಧಾನ್ಯಗಳ ಅಗ್ಗದ ವಿಸ್ಕಿಯೊಡನೆ ಬೆರೆತು, ಬ್ಲೆಂಡೆಡ್ ಎಂದು ಕರೆಯುವ ಮಿಶ್ರ ವಿಸ್ಕಿಯೊಳಗೆ ಹೆಸರಿಲ್ಲದೆ ಕರಗಿಹೋಗುತ್ತಿತ್ತು.

ಭಟ್ಟಿ ಮುಚ್ಚಿದರೂ ಪೀಪಾಯಿಯಲ್ಲಿದ್ದ ಸರಕು ಮಾಗುತ್ತಲೇ ಇತ್ತು. ಎಲ್ಜಿನ್ ಪಟ್ಟಣದಲ್ಲಿ 1895ರಲ್ಲಿ ದಿನಸಿ ಅಂಗಡಿಯಾಗಿ ಆರಂಭವಾದ ಗಾರ್ಡನ್ ಅಂಡ್ ಮೆಕ್‌ಫೇಲ್‌ನಂತಹ ಸ್ವತಂತ್ರ ಸಂಸ್ಥೆಗಳು, ಅಂದರೆ ಸ್ವಂತ ಭಟ್ಟಿಯ ಹಂಗಿಲ್ಲದೆ ಬೇರೆಯವರ ಪೀಪಾಯಿ ಕೊಂಡು ತಮ್ಮ ಚೀಟಿ ಅಂಟಿಸಿ ಮಾರುವವರು, ಇಂಥ ಅನಾಥ ಮಾಲನ್ನು ಬಾಟಲಿಗೆ ಇಳಿಸಿದರು. ಇಟಲಿಯ ರಸಿಕ ವರ್ತಕರು, ಅವರಲ್ಲಿ ಮುಖ್ಯವಾಗಿ ಸಿಲ್ವಾನೊ ಸಮರೋಲಿ, ಸ್ಕಾಟರಿಗಿಂತ ಮೊದಲೇ ಅದರ ಬೆಲೆ ಅರಿತರು. ಪೋರ್ಟ್ ಎಲೆನ್‌ನ ಉಳಿದ ದಾಸ್ತಾನನ್ನು 2001ರಿಂದ, ಡಿಸ್ಟಿಲರ್ಸ್ ಕಂಪನಿಯ ಆಸ್ತಿ ಮುಂದೆ ಕೈಸೇರಿದ್ದ ಡಿಯಾಜಿಯೊ ಸಂಸ್ಥೆ ವರ್ಷಕ್ಕೊಮ್ಮೆ ಬಿಡುಗಡೆ ಮಾಡತೊಡಗಿದಾಗ ಮೊದಲ ಬಾಟಲಿಯ ಬೆಲೆ 100 ಪೌಂಡಿನ ಆಸುಪಾಸಿನಲ್ಲಿತ್ತು; ಹದಿನೈದು ವರ್ಷ ಕಳೆಯುವುದರೊಳಗೆ ಅದು ಸಾವಿರಗಳಿಗೆ ಏರಿತು. ಕೊರತೆಯನ್ನು ಯಾರೂ ಯೋಜಿಸಿರಲಿಲ್ಲ, ಬೇಡವೆಂದು ನಿಲ್ಲಿಸಿದ ಸರಕೇ ಎರಡು ದಶಕಗಳಲ್ಲಿ ಅಪರೂಪವಾಯಿತು.

ಗ್ಲಾಸ್ಗೋ ನಗರದಲ್ಲಿ ಕ್ರಿಸ್ಟೀಸ್ ಮತ್ತು ಮೆಕ್‌ಟಿಯರ್ಸ್ ಸಂಸ್ಥೆಗಳು ವಿಸ್ಕಿಗೆಂದೇ ಹರಾಜು ಏರ್ಪಡಿಸುತ್ತಿದ್ದ ಕಾಲದಲ್ಲಿ ಕೊಳ್ಳುವವನು ಸಭಾಂಗಣದಲ್ಲಿ ಕೂರಬೇಕಿತ್ತು ಅಥವಾ ಮುದ್ರಿತ ಪಟ್ಟಿ ನೋಡಿ ಪತ್ರ, ದೂರವಾಣಿಗಳ ಮೂಲಕ ಬೆಲೆ ಕೂಗಬೇಕಿತ್ತು. ಅಂತರ್ಜಾಲದ ಮೊದಲ ದಾರಿಯನ್ನು ತೆರೆದದ್ದು ಇಬೇ ಎಂಬ ಮಾರಾಟ ತಾಣ. ಅಲ್ಲಿ ಮದ್ಯ ಮಾರಾಟಕ್ಕೆ ನಿಷೇಧವಿದ್ದರೂ ಸಂಗ್ರಹಯೋಗ್ಯ ಬಾಟಲಿಗಳಿಗೆ ಒಂದು ವಿನಾಯಿತಿ ಇತ್ತು: ಬೆಲೆಯೆಲ್ಲ ಗಾಜಿನ ಪಾತ್ರೆಗೆ ಸೇರಿದ್ದು, ಒಳಗಿನ ದ್ರವಕ್ಕಲ್ಲ ಎಂದು ಮಾರುವವನು ಘೋಷಿಸಿದರೆ ಸಾಕಿತ್ತು. ಮಾರುವವನೂ ಕೊಳ್ಳುವವನೂ ನಂಬದ ಈ ಘೋಷಣೆಯ ಆಸರೆಯಲ್ಲಿ ವರ್ಷಗಟ್ಟಲೆ ವ್ಯಾಪಾರ ನಡೆಯಿತು. 2012ರಲ್ಲಿ ಇಬೇ ಆ ವಿನಾಯಿತಿಯನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಗ್ಲಾಸ್ಗೋದಲ್ಲಿ 2011ರಲ್ಲೇ ಸ್ಕಾಚ್ ವಿಸ್ಕಿ ಆಕ್ಷನ್ಸ್ ಎಂಬ ಅಂತರ್ಜಾಲ ಹರಾಜು ಸಂಸ್ಥೆ ಹುಟ್ಟಿಕೊಂಡಿತ್ತು. 2013ರಲ್ಲಿ ಪರ್ತ್ ನಗರದ ವಿಸ್ಕಿ ಆಕ್ಷನಿಯರ್ ಸೇರಿಕೊಂಡಿತು. ಹೀಗೆ ಬೀದಿಗೆ ಬಿದ್ದ ಗಿರಾಕಿಗಳು ಸಿದ್ಧವಾಗಿದ್ದ ಅಂಗಳಕ್ಕೆ ಬಂದಿಳಿದರು.

ಈ ಹೊಸ ಹರಾಜಿನ ವ್ಯವಸ್ಥೆ ಸರಳವಾದರೂ ಚಾಣಾಕ್ಷವಾದದ್ದು. ಮಾರುವವನು ಬಾಟಲಿಯನ್ನು ಸಂಸ್ಥೆಗೆ ಕಳುಹಿಸುತ್ತಾನೆ, ಅಲ್ಲಿನವರು ಅದನ್ನು ಪರೀಕ್ಷಿಸಿ, ಚಿತ್ರ ತೆಗೆದು, ಲಾಟ್ ಎಂಬ ಸಂಖ್ಯೆ ಕೊಟ್ಟು ಪ್ರಕಟಿಸುತ್ತಾರೆ. ವಾರ ಹತ್ತು ದಿನಗಳ ಕಾಲ, ಸಾಮಾನ್ಯವಾಗಿ ಕೆಲವೇ ಪೌಂಡುಗಳಿಂದ ಆರಂಭವಾಗಿ, ಕೂಗು ಏರುತ್ತ ಹೋಗುತ್ತದೆ. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸಿದರೆ ಗಣಕವೇ ಅವನ ಪರವಾಗಿ ಮೆಟ್ಟಿಲು ಮೆಟ್ಟಿಲಾಗಿ ಕೂಗುತ್ತದೆ, ಗೆದ್ದಾಗ ಅವನು ತೆರುವುದು ಎರಡನೆಯವನ ಗರಿಷ್ಠ ಬೆಲೆಗಿಂತ ಒಂದು ಮೆಟ್ಟಿಲಷ್ಟು ಹೆಚ್ಚು ಮಾತ್ರ. ಎರಡನೆಯ ಬೆಲೆಯನ್ನು ತೆರುವ ಹರಾಜಿನಲ್ಲಿ ತನ್ನ ನಿಜವಾದ ಬೆಲೆಯನ್ನೇ ಬರೆಯುವುದು ಜಾಣತನವೆಂದು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿಯೇ ತೋರಿಸಿದ್ದರು, ಮುಂದೆ 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಸಂದಿತು. ಆದರೂ ಕೊನೆಯ ರಾತ್ರಿ ಜನ ಅದನ್ನು ಮರೆತು ಹಟಕ್ಕೆ ಬೀಳುತ್ತಾರೆ. ಕಡೆಯ ಗಳಿಗೆಯಲ್ಲಿ ಬಿದ್ದ ಕೂಗು ಗಡುವನ್ನೇ ಕೆಲವು ನಿಮಿಷ ಮುಂದಕ್ಕೆ ತಳ್ಳುವ ನಿಯಮವಿರುವುದರಿಂದ, ಹೊಂಚು ಹಾಕಿ ಕೊನೆಯ ಸೆಕೆಂಡಿನಲ್ಲಿ ಕಸಿದುಕೊಳ್ಳುವ ಇಬೇ ಕಾಲದ ತಂತ್ರ ಇಲ್ಲಿ ನಡೆಯುವುದಿಲ್ಲ. ಗೆದ್ದ ಬೆಲೆಯ ಮೇಲೆ ಖರೀದಿದಾರನ ಕಮಿಷನ್, ಆ ಕಮಿಷನ್ನಿನ ಮೇಲೆ ಬ್ರಿಟನ್ನಿನ ಶೇ 20ರ ತೆರಿಗೆ, ಸಾಗಣೆ ವೆಚ್ಚ ಸೇರುತ್ತವೆ; ಕಮಿಷನ್ ಶೇ 10 ಇದ್ದಲ್ಲಿ, 60 ಪೌಂಡಿಗೆ ಗೆದ್ದ ಬಾಟಲಿಗೆ ಸಾಗಣೆಯ ಹೊರತಾಗಿಯೇ 67 ಪೌಂಡು 20 ಪೆನ್ಸ್ ಬೀಳುತ್ತದೆ.

ಪತ್ರಿಕೆಗಳ ಕಣ್ಣು ಮಾತ್ರ ಬೇರೆಡೆ ನೆಟ್ಟಿದೆ. 1926ರಲ್ಲಿ ಇಳಿಸಿ 1986ರಲ್ಲಿ ಬರೀ 40 ಬಾಟಲಿಗಳಾಗಿ ತುಂಬಿದ, ಮೆಕಾಲನ್ ಭಟ್ಟಿಯ ಒಂದು ಬಾಟಲಿ 2023ರ ನವೆಂಬರ್‌ನಲ್ಲಿ ಸೋಥೆಬಿಸ್ ಹರಾಜಿನಲ್ಲಿ ಸುಮಾರು 21.9 ಲಕ್ಷ ಪೌಂಡಿಗೆ ಮಾರಾಟವಾದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಇಂಥ ಬಾಟಲಿಯ ಬಿರಡೆ ತೆಗೆಯುವ ಧೈರ್ಯ ಯಾರಿಗೂ ಇರುವುದಿಲ್ಲವಾದ್ದರಿಂದ, ವಿಸ್ಕಿಯ ಚರಿತ್ರೆಗಿಂತ ಷೇರುಪೇಟೆಯ ಚರಿತ್ರೆಯಲ್ಲಿ ಅದಕ್ಕೆ ಜಾಗ ಕೊಡುವುದು ನ್ಯಾಯ. ಹಣ ಇದ್ದಲ್ಲಿ ಖೋಟಾ ಮಾಲೂ ಬರುತ್ತದೆ. ಈಸ್ಟ್ ಕಿಲ್‌ಬ್ರೈಡ್‌ನಲ್ಲಿರುವ ಸ್ಕಾಟಿಷ್ ವಿಶ್ವವಿದ್ಯಾಲಯಗಳ ಪರಿಸರ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಿದ 55 ಅಪರೂಪದ ಬಾಟಲಿಗಳಲ್ಲಿ 21 ನಕಲಿ ಎಂದು 2018ರಲ್ಲಿ ಬಯಲಾಯಿತು. ನಕಲಿಯನ್ನು ಹಿಡಿದುಕೊಟ್ಟ ಸುಳಿವು ಇದು: 1950ರ ದಶಕದಿಂದ ನಡೆದ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಪರಮಾಣುವಿನ ಪ್ರಮಾಣವನ್ನು ಹೆಚ್ಚಿಸಿದವು. ಬೆಳೆಯುವ ಬಾರ್ಲಿ ಅದನ್ನು ಹೀರಿಕೊಂಡಿತು. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ್ದೆಂದು ಹೇಳಿಕೊಳ್ಳುವ ವಿಸ್ಕಿಯಲ್ಲಿ ಬಾಂಬಿನ ಕಾಲದ ಇಂಗಾಲ ಸಿಕ್ಕಿತೆಂದರೆ ಕತೆ ಮುಗಿದಂತೆಯೇ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲೊಂದರಲ್ಲಿ 2017ರಲ್ಲಿ ಚೀನಾದ ಗಿರಾಕಿಯೊಬ್ಬರು ಸುಮಾರು 10,000 ಫ್ರಾಂಕ್ ತೆತ್ತು ಕುಡಿದ ‘1878ರ ಮೆಕಾಲನ್’ 1970ರ ದಶಕದ ಆರಂಭದ ಮಿಶ್ರ ವಿಸ್ಕಿಯೆಂದು ಇದೇ ವಿಧಾನದಿಂದ ಗೊತ್ತಾಯಿತು.

ಕರ್ನಾಟಕಕ್ಕೂ ಈ ಹರಾಜಿಗೂ ಒಂದು ನೇರ ಕೊಂಡಿ ಇದೆ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿಯೇ. ಪೀಪಾಯಿಯಿಂದ ಆವಿಯಾಗಿ ಹೋಗುವ ಮದ್ಯ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ 2ರಷ್ಟಾದರೆ ಬೆಂಗಳೂರಿನ ಹವೆಯಲ್ಲಿ ಶೇ 10ನ್ನೂ ಮೀರುವುದುಂಟು. ಹೀಗಾಗಿ ಎಂಟು ವರ್ಷ ಮಾಗಿಸಿ 2013ರಲ್ಲಿ ‘ಗ್ರೀಡಿ ಏಂಜೆಲ್ಸ್’ ಹೆಸರಿನಲ್ಲಿ ತಂದ ಬಾಟಲಿಗಳು ತೀರ ಕಡಿಮೆಯಾಗಿದ್ದು, ಬ್ರಿಟನ್ನಿನ ಹರಾಜುಗಳಲ್ಲಿ ಸ್ಪರ್ಧೆಗೆ ಕಾರಣವಾದವು. ಬೆಂಗಳೂರಿನಲ್ಲಿ ಕುಳಿತು ಇದೇ ಹರಾಜಿನಲ್ಲಿ ಕೊಳ್ಳುವುದು ಮಾತ್ರ ಸುಲಭದ ಮಾತಲ್ಲ, ಆಮದು ಮದ್ಯಕ್ಕೆ ಬಹುಕಾಲ ಶೇ 150ರಷ್ಟಿದ್ದ ಸೀಮಾ ಸುಂಕ ಮತ್ತು ರಾಜ್ಯದ ಅಬಕಾರಿ ನಿಯಮಗಳು ಅಡ್ಡ ನಿಂತಿವೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ಬರುವಾಗ ಸುಂಕವಿಲ್ಲದೆ ತರಬಹುದಾದ ಎರಡು ಲೀಟರಿನೊಳಗೆ ಹರಾಜಿನಲ್ಲಿ ಗೆದ್ದದ್ದನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.

ಕುಡಿಯಲೆಂದೇ ಕೊಳ್ಳುವವರು ಗಮನ ಕೊಡಬೇಕಾದದ್ದು ಪಟ್ಟಿಯ ಕೆಳಭಾಗದಲ್ಲಿರುವ, ಸಂಗ್ರಾಹಕರು ತಿರಸ್ಕರಿಸುವ ಹಳೆಯ ಮಿಶ್ರ ವಿಸ್ಕಿಗಳಿಗೆ. 1970ರ ದಶಕದ ಇಂಥ ಬಾಟಲಿಯಲ್ಲಿ, ಮುಂದೆ ಮುಚ್ಚಿಹೋದ ಭಟ್ಟಿಗಳ ಮಾಲ್ಟ್ ಸೇರಿರುವ ಸಾಧ್ಯತೆ ಹೆಚ್ಚು; ಶೆರ್ರಿ ಎಂಬ ಸ್ಪೇನಿನ ದ್ರಾಕ್ಷಾರಸವನ್ನು ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಸಾಗಿಸುವ ಪದ್ಧತಿ 1980ರ ದಶಕದಲ್ಲಿ ನಿಲ್ಲುವ ಮುನ್ನ ಸಿಗುತ್ತಿದ್ದ ಖಾಲಿ ಪೀಪಾಯಿಗಳ ಘಮವೂ ಅದರಲ್ಲಿ ಇರಬಹುದು. ಕಾಲವನ್ನು ಚೀಟಿಯೇ ಹೇಳುತ್ತದೆ. ‘70 ಪ್ರೂಫ್’ ಮತ್ತು ‘26⅔ ಫ್ಲೂಯಿಡ್ ಔನ್ಸ್’ ಎಂದಿದ್ದರೆ ಅದು ಬ್ರಿಟನ್ನಿನ ಹಳೆಯ ಅಳತೆ, ಪ್ರೂಫ್ ಎಂಬುದು ಮದ್ಯಸಾರದ ಹಿಂದಿನ ಮಾನ, 70 ಎಂದರೆ ಇಂದಿನ ಶೇ 40. ‘75 ಸೆಂಟಿಲೀಟರ್’ ಎಂದಿದ್ದರೆ ಬಹುತೇಕ 1980ರ ದಶಕ. ‘70 ಸೆಂಟಿಲೀಟರ್’ ಆದರೆ 1990ರ ಈಚೆಗೆ. ಚಿತ್ರದಲ್ಲಿ ದ್ರವದ ಮಟ್ಟ ಬಾಟಲಿಯ ಕತ್ತಿನಲ್ಲಿದೆಯೇ, ಭುಜಕ್ಕೆ ಇಳಿದಿದೆಯೇ ಎಂದು ನೋಡುವುದು ಅಗತ್ಯ, ಏಕೆಂದರೆ ಮುಚ್ಚಳದ ಸಂದಿಯಿಂದ ಸೋರಿದ್ದರ ಜೊತೆಗೆ ಒಳಗಿನ ಕಸುವೂ ಹೋಗಿರುತ್ತದೆ. ಬಾಟಲಿಯೊಳಗೆ ವಿಸ್ಕಿ ಮಾಗುವುದಿಲ್ಲ; ಹನ್ನೆರಡು ವರ್ಷದ ವಿಸ್ಕಿ ಐವತ್ತು ವರ್ಷ ಕಪಾಟಿನಲ್ಲಿದ್ದರೂ ಹನ್ನೆರಡು ವರ್ಷದ್ದೇ.

ಮನೆಗೆ ಬಂದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಬೇಕು, ದ್ರಾಕ್ಷಾರಸದಂತೆ ಮಲಗಿಸಿದರೆ ತೀಕ್ಷ್ಣ ಮದ್ಯಸಾರ ಬಿರಡೆಯನ್ನು ಕೊರೆಯುತ್ತದೆ. ಹಳೆಯ ಬಿರಡೆ ತಿರುಗಿಸುವಾಗಲೇ ಪುಡಿಯಾಗುವುದು ಸಾಮಾನ್ಯವಾದ್ದರಿಂದ, ಅನುಭವಿಗಳು ಬೇರೊಂದು ಬಿರಡೆ, ಸಣ್ಣ ಜರಡಿ ಮತ್ತು ತೊಳೆದೊಣಗಿಸಿದ ಖಾಲಿ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೈ ಹಾಕುತ್ತಾರೆ. ಮೊದಲ ಗುಟುಕಿನಲ್ಲಿ ಕೆಲವೊಮ್ಮೆ ಲೋಹದ, ಹಳೇ ರಟ್ಟಿನ ವಾಸನೆ ಬರುತ್ತದೆ. ಬಾಯಿ ಕಿರಿದಾದ ಲೋಟದಲ್ಲಿ ಅರ್ಧ ಗಂಟೆ ಗಾಳಿಗೆ ಬಿಟ್ಟರೆ ಅದು ಹೆಚ್ಚಾಗಿ ಅಡಗಿ, ಹೊಗೆ, ಮೇಣ, ಒಣದ್ರಾಕ್ಷಿಯ ಪರಿಮಳಗಳು ಮೇಲೆದ್ದು ಬರುತ್ತವೆ. ಶೇ 40ಕ್ಕೆ ಇಳಿಸಿ ತುಂಬಿದ ಹಳೆಯ ವಿಸ್ಕಿಗೆ ನೀರು ಬೆರೆಸುವುದಾದರೆ ಹನಿಗಳ ಲೆಕ್ಕದಲ್ಲಿ ಬೆರೆಸಬೇಕು. ಅರ್ಧಕ್ಕಿಂತ ಕೆಳಗಿಳಿದ ಬಾಟಲಿಯಲ್ಲಿ ಗಾಳಿಯ ಪಾಲು ಹೆಚ್ಚಿ ಸುವಾಸನೆ ತಿಂಗಳುಗಳಲ್ಲಿ ಸಪ್ಪೆಯಾಗುತ್ತದಾದ್ದರಿಂದ, ಉಳಿದದ್ದನ್ನು ಸಣ್ಣ ಸೀಸೆಗಳಿಗೆ ಕತ್ತಿನವರೆಗೆ ತುಂಬಿಡುವುದು ಅಥವಾ ನಾಲ್ಕಾರು ಗೆಳೆಯರು ಆರಂಭದಲ್ಲೇ ಹಣ ಕೂಡಿಸಿ ಒಂದು ಬಾಟಲಿ ಗೆದ್ದು ಪಾಲು ಹಂಚಿಕೊಳ್ಳುವುದು ಬ್ರಿಟನ್ನಿನ ಆಸಕ್ತರಲ್ಲಿ ರೂಢಿಗೆ ಬಂದಿದೆ. 2022ರ ನಂತರ ಹರಾಜಿನ ಬೆಲೆಗಳು ಇಳಿಮುಖವಾಗಿ, ಹೂಡಿಕೆದಾರರು ದಾಸ್ತಾನು ಖಾಲಿ ಮಾಡತೊಡಗಿರುವುದರಿಂದ, ಈ ಪಾಲುಗಾರರಿಗೆ ಸದ್ಯಕ್ಕೆ ಸುಗ್ಗಿ.