ಕಡಲ ಅಲೆಗೆ ಕಾಡಿನ ತಡೆ

ಊರನ್ನು ಯೋಜಿಸುವುದು ಬಲ್ಲವರ ಕೆಲಸ, ಅದರಲ್ಲಿ ಬಾಳುವುದಷ್ಟೇ ಜನರ ಪಾಲಿನದು ಎಂಬುದು ರೂಢಿಯ ನಂಬಿಕೆ. ಈ ನಂಬಿಕೆ ಎಷ್ಟು ಅಪೂರ್ಣವೆಂಬುದನ್ನು ದಕ್ಷಿಣ ಅಮೆರಿಕದ ಚಿಲಿ ದೇಶದ ಪಟ್ಟಣವೊಂದು ತೋರಿಸಿಕೊಟ್ಟಿದೆ.

ಮೌಲೆ ನದಿಯು ಶಾಂತಸಾಗರವನ್ನು ಸೇರುವೆಡೆಯಲ್ಲಿರುವ ಈ ಪಟ್ಟಣದ ಹೆಸರು ಕಾನ್‌ಸ್ಟಿಟೂಸಿಯೋನ್. 2010ರ ಫೆಬ್ರವರಿ 27ರಂದು, ಬೆಳಕು ಹರಿಯುವ ಮುನ್ನ, 8.8 ಪ್ರಮಾಣದ ಭೂಕಂಪವು ಚಿಲಿಯನ್ನು ನಡುಗಿಸಿತು. ಅದರ ಬೆನ್ನಿಗೇ ಸುನಾಮಿಯ ಅಲೆಗಳು ಊರೊಳಕ್ಕೆ ನುಗ್ಗಿದುವು. ಹಾಳಾದ ಪಟ್ಟಣಕ್ಕೆ ಹೊಸ ಯೋಜನೆಯನ್ನು ರೂಪಿಸುವ ಹೊಣೆ ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನ ಅವರಿಗೂ ಅವರ ‘ಎಲೆಮೆಂಟಲ್’ ಸಂಸ್ಥೆಗೂ ಬಂದಿತು. ದೊರೆತ ಅವಧಿ ನೂರೇ ದಿನ.

ಮುಂದಿದ್ದ ಮಾರ್ಗಗಳು ಮೂರು. ನೀರಿನಂಚಿನಲ್ಲಿ ಯಾರೂ ನೆಲೆಸಕೂಡದೆಂದು ನಿಷೇಧಿಸುವುದು ಮೊದಲನೆಯದು. ಅಲೆಗಳಿಗೆ ಎದುರಾಗಿ ಭಾರಿ ಗೋಡೆಯನ್ನು ಕಟ್ಟುವುದು ಎರಡನೆಯದು. ಊರಿಗೂ ನೀರಿಗೂ ನಡುವೆ ಕಾಡನ್ನು ಬೆಳೆಸಿ ಅಲೆಗಳ ರಭಸವನ್ನು ಕುಗ್ಗಿಸುವುದು ಮೂರನೆಯದು.

ಇವುಗಳಲ್ಲಿ ಒಂದನ್ನು ತಾವೇ ಆರಿಸಿ ಜನರ ಮೇಲೆ ಹೊರಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಅರವೇನರ ತಂಡವಾದರೋ ಪಟ್ಟಣಿಗರನ್ನು ಸಭೆ ಸೇರಿಸಿ ಅವರ ಮಾತಿಗೆ ಕಿವಿಗೊಟ್ಟಿತು. ಆಗ ನಕ್ಷೆಯಲ್ಲಿ ಕಾಣದಿದ್ದ ಸಂಗತಿಗಳು ಹೊರಬಿದ್ದುವು. ಸುನಾಮಿ ಮತ್ತೆ ಬರುವುದಕ್ಕೆ ಹಲವು ವರ್ಷಗಳೇ ಹಿಡಿದಾವು. ಮಳೆಯ ನೆರೆಯಾದರೋ ವರ್ಷವರ್ಷವೂ ತಪ್ಪದು. ಊರಿನಲ್ಲಿ ನಾಲ್ಕು ಜನ ಸೇರಲು ಒಳ್ಳೆಯ ತಾಣವಿಲ್ಲ. ನದಿಯೇ ಊರಿನ ಜೀವ, ಆದರೆ ಅದರ ದಡ ಖಾಸಗಿಯವರ ವಶದಲ್ಲಿದೆ. ಜನಸಾಮಾನ್ಯರಿಗೆ ಅಲ್ಲಿ ಕಾಲಿಡುವ ಅವಕಾಶವಿಲ್ಲ.

ಈ ಎಲ್ಲ ಕೊರತೆಗಳಿಗೂ ಮೂರನೆಯ ಮಾರ್ಗವೊಂದರಲ್ಲೇ ಉತ್ತರವಿದ್ದಿತು. ಕಾಡು ಅಲೆಯನ್ನು ತಗ್ಗಿಸುವುದು, ಮಳೆನೀರಿಗೆ ಎಡೆಗೊಡುವುದು, ವಿಹಾರಕ್ಕೆ ನೆರಳಾಗುವುದು, ನದಿಯ ದಡವನ್ನು ಎಲ್ಲರದನ್ನಾಗಿ ಮಾಡುವುದು. ಜನರೂ ಮತದಾನದ ಮೂಲಕ ಅದನ್ನೇ ಒಪ್ಪಿದರು.

ಉಳಿದದ್ದು ಹಣದ ಪ್ರಶ್ನೆ. ಕಾಡಿನ ಯೋಜನೆಗೆ ತಗಲುವ ವೆಚ್ಚ 4.8 ಕೋಟಿ ಡಾಲರ್. ಮೂರು ಮಾರ್ಗಗಳಲ್ಲಿ ಅದೇ ಅತ್ಯಂತ ದುಬಾರಿ. ಸರ್ಕಾರದ ಕಡತಗಳನ್ನು ಶೋಧಿಸಿದಾಗ ವಿಚಿತ್ರವೊಂದು ಬೆಳಕಿಗೆ ಬಂದಿತು. ಮೂರು ಸಚಿವಾಲಯಗಳು, ಒಂದರ ಸುಳಿವು ಮತ್ತೊಂದಕ್ಕಿಲ್ಲದೆ, ಅದೇ ಜಾಗದಲ್ಲಿ ಮೂರು ಬೇರೆ ಬೇರೆ ಕಾಮಗಾರಿಗಳನ್ನು ಯೋಜಿಸಿದ್ದುವು. ಅವುಗಳ ಒಟ್ಟು ವೆಚ್ಚ 5.2 ಕೋಟಿ ಡಾಲರ್! ಮೂವರೂ ಕೂಡಿ ನಡೆದರೆ ಹಣ ಸಾಕಾಗಿ ಮಿಗುವಂತಿತ್ತು.

2016ರಲ್ಲಿ ಅರವೇನರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಸ್‌ಕರ್ ಪ್ರಶಸ್ತಿ ಸಂದಿತು. ಅವರ ಕೈಯಲ್ಲಿ ಲೇಖನಿ, ಅಳತೆಪಟ್ಟಿಗಳಿದ್ದುವು ನಿಜ. ಆದರೆ ಆ ಊರಿಗೆ ನಿಜವಾಗಿ ಬೇಕಾದುದೇನೆಂಬುದನ್ನು ಅವರಿಗೆ ತಿಳಿಸಿಕೊಟ್ಟವರು ನೆರೆಯನ್ನು ವರ್ಷವರ್ಷವೂ ಕಂಡುಂಡ ಪಟ್ಟಣಿಗರೇ.