ಕಾಲೇಜಿಗೆ ಬಂದ ಅತಿಥಿಗಳು, ಮನೆಗೆ ಬಂದ ಲೆಕ್ಕ

"ಮೂರು ವರ್ಷ ಸಾಕು ಭಾವ. ಡಿಗ್ರಿ ಸಿಗ್ತದಲ್ಲ? ನಾಲ್ಕನೇ ವರ್ಷ ಎಂತಕ್ಕೆ?"

ಬದಿಯಡ್ಕ ಪೇಟೆಯ ನನ್ನ ಅಡಿಕೆ ಅಂಗಡಿಯ ಜಗಲಿಯಲ್ಲಿ ಕೂತು ಭಾವ ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವರ ಮಗಳು, ಅಂದರೆ ನನ್ನ ತಂಗಿಯ ಮಗಳು, ಕಾಸರಗೋಡು ಸಮೀಪದ ಕಾಲೇಜೊಂದರಲ್ಲಿ ಕನ್ನಡ ಪದವಿ ಓದುತ್ತಿದ್ದಾಳೆ. ಕೇರಳದ ಕಾಲೇಜುಗಳಿಗೆ 2024ರಲ್ಲಿ ನಾಲ್ಕು ವರ್ಷದ ಪದವಿ ಬಂದಿದೆ. ಮೂರಕ್ಕೆ ನಿಲ್ಲಿಸಿದರೂ ಪದವಿ ಸಿಗುತ್ತದೆ. ನಾಲ್ಕನೆಯದು ಯಾರಿಗೆ, ಯಾಕೆ ಎಂಬುದು ನಮ್ಮಂಥವರಿಗೆ ತಿಳಿಯದ ವಿಷಯ. ಹುಡುಗಿಯೇ ಹೇಳಿದಳು: "ಶನಿವಾರ ಕಾಲೇಜಿಗೆ ಇಬ್ಬರು ಅತಿಥಿಗಳು ಬರ್ತಾರೆ. ಮನೆಯವರಿಗೂ ಬರ್ಲಿಕ್ಕಾಗ್ತದೆ. ಒಮ್ಮೆ ನೀವೇ ಬಂದು ಕೇಳಿ ಮಾವ."

ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಭಾವನನ್ನೂ ಎಬ್ಬಿಸಿಕೊಂಡು ಹೋದೆ.

ಕೊಳೆರೋಗದಿಂದ ಆರಂಭ

ಮೊದಲು ಮಾತಾಡಿದವರು ತೋಟದ ಬೆಳೆಗಳ ವಿಜ್ಞಾನಿ. ಭಾಷಣ ಮಾಡದೆ ಒಂದು ಪ್ರಶ್ನೆ ಕೇಳಿದರು: "ನಿಮ್ಮ ಮನೆಯ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡ್ತಾರಾ?" ಅರ್ಧಕ್ಕಿಂತ ಹೆಚ್ಚು ಕೈ ಮೇಲೆದ್ದವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. "ಹಾಗಾದ್ರೆ ಒಂದೇ ದಿನ ಮದ್ದು ಬಿಟ್ಟ ಎರಡು ತೋಟಗಳಲ್ಲಿ ಒಂದರಲ್ಲಿ ಕಾಯಿ ಉದುರಿ, ಇನ್ನೊಂದರಲ್ಲಿ ಉಳಿಯುದು ಯಾಕೆ?" ಸಭೆ ಸುಮ್ಮನಾಯಿತು. "ಈ 'ಯಾಕೆ' ಹಿಡಿದು ಹೊರಟ್ರೆ ಅದೇ ಸಂಶೋಧನೆ" ಎಂದರು.

ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆರೋಗದ ಬಗ್ಗೆ ಅಧ್ಯಯನ ಪ್ರಕಟಿಸಿದ್ದನ್ನು ಅವರು ನೆನಪಿಸಿದರು. ನಮ್ಮ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ಆರಂಭವಾದದ್ದು 1916ರಲ್ಲಿ. ಅದೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ನಾವು ಹೇಳುವ ಸಿಪಿಸಿಆರ್‌ಐ, ಆಯಿತು. ನಾವು ಸಸಿಗೆಂದು ಆ ಗೇಟಿನೊಳಗೆ ಹೋಗಿದ್ದೇವೆ. ನಮ್ಮ ಮಕ್ಕಳು ಕೆಲಸಕ್ಕೆಂದು ಹೋಗಬಹುದು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಹೊಳೆದಿದೆ?

ಐದು ವರ್ಷದ ಲೆಕ್ಕ

ಎರಡನೆಯವರು ಕನ್ನಡದಲ್ಲಿ ಸಂಶೋಧನೆ ಮಾಡಿದ ಅಧ್ಯಾಪಕಿ. ಅವರು ಬೋರ್ಡಿನ ಮೇಲೆ ಲೆಕ್ಕ ಬರೆದರು. ಮೂರು ವರ್ಷದ ಪದವಿಯಾದರೆ ಎಂ.ಎ.ಗೆ ಎರಡು ವರ್ಷ. ನಾಲ್ಕು ವರ್ಷದ್ದಾದರೆ ಒಂದೇ ವರ್ಷ ಸಾಕು. ಒಟ್ಟು ಐದೇ. ಆದರೆ ನಾಲ್ಕನೇ ವರ್ಷ ಸಂಶೋಧನೆಗೆ ಸೇರಲು ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಅಂಕ ಬೇಕು. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಪಡೆದವರು ಎಂ.ಎ. ಇಲ್ಲದೆಯೂ ನೆಟ್ ಪರೀಕ್ಷೆ ಬರೆಯಬಹುದು ಎಂದು ಯುಜಿಸಿ 2024ರಲ್ಲಿ ಹೇಳಿದೆ.

ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಕನ್ನಡವೂ ಅದರಲ್ಲಿ ಒಂದು ವಿಷಯ. ಅದರಲ್ಲಿ ಮೇಲಿನ ಸಾಲಿನಲ್ಲಿ ಬಂದು ಜೆಆರ್‌ಎಫ್ ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು.

ಭಾವ ನನ್ನ ಕಿವಿಯಲ್ಲಿ ಕೇಳಿದರು, "ಓದುವವರಿಗಾ? ಅವರೇ ಕೊಡುದಾ?"

ಆ ಅಧ್ಯಾಪಕಿ ಬರೇ ಬೆಲ್ಲದ ಮಾತಾಡಲಿಲ್ಲ ಎಂಬುದು ನನಗೆ ಮೆಚ್ಚಿಗೆಯಾಯಿತು. ನೆಟ್‌ನ ಮೊದಲ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದ ಮಕ್ಕಳು ಅಲ್ಲೇ ಎಡವುತ್ತಾರೆ. ಮೊದಲ ವರ್ಷದಿಂದಲೇ ಅಭ್ಯಾಸ ಬೇಕು ಎಂದರು. ಬರೆದವರಲ್ಲಿ ಹೆಚ್ಚಿನವರಿಗೆ ಫೆಲೋಶಿಪ್ ಸಿಗುವುದಿಲ್ಲ. ಪಿಎಚ್.ಡಿ. ಮುಗಿದ ಕೂಡಲೇ ಖಾಯಂ ಕೆಲಸವೂ ಕಾದು ಕೂತಿರುವುದಿಲ್ಲ. ಆದ್ದರಿಂದ ಜತೆಯಲ್ಲೇ ಕೇರಳ ಪಿಎಸ್‌ಸಿ ಪರೀಕ್ಷೆಗೂ ಓದಬೇಕು, ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಹುದ್ದೆಗಳಿವೆ ಎಂದು ಎಚ್ಚರಿಸಿದರು.

ಗುಜರಿಗೆ ಹೊರಟಿದ್ದ ಪುಸ್ತಕ

ಪ್ರಶ್ನೆ ಕೇಳಬಹುದೆಂದಾಗ ನಾನೇ ಎದ್ದೆ. "ನಮ್ಮ ಅಪ್ಪನ ಕಾಲದ ಅಡಿಕೆ ಲೆಕ್ಕಪುಸ್ತಕಗಳು ಅಟ್ಟದಲ್ಲಿ ಉಂಟು. ಕನ್ನಡದಲ್ಲಿ ಬರ್ದದ್ದು. ಮೊನ್ನೆ ಗುಜರಿಯವನಿಗೆ ಕೊಡ್ಲಿಕ್ಕೆ ಹೊರಟಿದ್ದೆ. ಅದರಿಂದ ಏನಾದ್ರೂ ಪ್ರಯೋಜನ ಉಂಟಾ?"

"ದಯಮಾಡಿ ಕೊಡ್ಬೇಡಿ. ಯಾವ ವರ್ಷ ಏನು ಧಾರಣೆ, ಯಾವ ಊರಿನವರು ಮಾಲು ತಂದರು, 1956ರ ನಂತರ ಮಲಯಾಳ ಲೆಕ್ಕದೊಳಗೆ ಯಾವಾಗ ಬಂತು, ಎಲ್ಲ ಅದರಲ್ಲಿರ್ತದೆ. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಪೂರ್ತಿ ಮಾಡದೆ ಊರಿಗೆ ಬಂದವರು. ಮನೆಯಲ್ಲೇ ಕೂತು ಇತಿಹಾಸ ಸಂಶೋಧನೆ ಮಾಡಿದ್ರು. ಆಕರ ಎದುರಿಗೇ ಇದ್ದು ನಾವು ಕಾಣದೆ ಹೋದ್ರೆ ಹೇಗೆ?" ಎಂದರು.

ನಾನು ಬಿ.ಎ. ಪಾಸಾದದ್ದು 1991ರಲ್ಲಿ. ನೆಟ್ ಪರೀಕ್ಷೆ 1989ರಲ್ಲೇ ಶುರುವಾಗಿತ್ತಂತೆ. ಮುಂದೇನು ಎಂದು ಕೇಳಿದಾಗ ನನಗೆ ಸಿಕ್ಕ ಉತ್ತರ ಎರಡೇ: ಬಿ.ಎಡ್. ಅಥವಾ ಬ್ಯಾಂಕ್ ಪರೀಕ್ಷೆ. ಎರಡೂ ಆಗಲಿಲ್ಲ, ಅಪ್ಪನ ಗಲ್ಲಾಪೆಟ್ಟಿಗೆಯ ಎದುರು ಕೂತೆ. ಅದರ ಬಗ್ಗೆ ದುಃಖವಿಲ್ಲ. ಗೊತ್ತಿದ್ದರೂ ನಾನು ಹೋಗುತ್ತಿದ್ದೆನೋ ಇಲ್ಲವೋ. ಆದರೆ ಗೊತ್ತಿದ್ದು ಬಿಡುವುದು ಬೇರೆ, ಗೊತ್ತೇ ಇಲ್ಲದೆ ತಪ್ಪುವುದು ಬೇರೆ.

ಆಯ್ದ ವಿದ್ಯಾರ್ಥಿಗಳಿಗೆ ಹೊರಗಿನ ಪರಿಣತರನ್ನು ಪರಿಚಯಿಸಲು ಕೇರಳ ಸರಕಾರದ 'ವಾಕ್ ವಿತ್ ಎ ಸ್ಕಾಲರ್' ಯೋಜನೆ ಇದೆ. ಒಳ್ಳೆಯದೇ. ಆದರೆ ಗಡಿನಾಡಿನಲ್ಲಿ ಇಂಥ ಮಾತು ಕನ್ನಡದಲ್ಲೂ ನಡೆಯಬೇಕು, ಮನೆಯವರ ಎದುರಿಗೂ ನಡೆಯಬೇಕು. ಮಗಳು ಎಷ್ಟು ಓದಬೇಕು ಎಂಬ ತೀರ್ಮಾನ ಆಗುವುದು ಕ್ಲಾಸಿನಲ್ಲಲ್ಲ, ಚಾವಡಿಯಲ್ಲಿ. ಕೊಯ್ಲಿನ ಗಡಿಬಿಡಿ ಇಲ್ಲದ ರಜಾದಿನ ನೋಡಿ ಕಾಲೇಜಿನವರು ಕರೆಯಲಿ. ಕರೆದಾಗ ನಾವೂ ಅಂಗಡಿ ಬಾಗಿಲು ಹಾಕಿ ಹೋಗೋಣ.

ಹಿಂತಿರುಗುವಾಗ ಬಸ್ಸಿನಲ್ಲಿ ಭಾವ ಬಹಳ ಹೊತ್ತು ಮಾತಾಡಲಿಲ್ಲ. ಇಳಿಯುವ ಹೊತ್ತಿಗೆ ಮಗಳ ಕಡೆ ತಿರುಗಿ ಕೇಳಿದರು, "ಕಳೆದ ಸೆಮಿಸ್ಟರಿನಲ್ಲಿ ನಿನಗೆ ಎಷ್ಟು?"

"72 ಪರ್ಸೆಂಟ್ ಅಪ್ಪ."

"ಇನ್ನೂ ಮೂರು ಬೇಕಲ್ಲ. ತೆಗಿ, ಮತ್ತೆ ನೋಡುವ."

ಲೆಕ್ಕಪುಸ್ತಕಗಳನ್ನು ನಾನು ಅಟ್ಟದಿಂದ ಇಳಿಸಿ, ಧೂಳು ಕೊಡವಿ ಇಟ್ಟಿದ್ದೇನೆ.